ಬಿರಡೆಯ ಮೇಲಿನ ಎರಡು ಗೆರೆ

ವಯೋಲಾ ಎಂಬ ವಾದ್ಯದ ಬಗ್ಗೆ ಹೆಚ್ಚಿನವರಿಗೆ ಏನೂ ಗೊತ್ತಿಲ್ಲ. ನೋಡಲು ಪಿಟೀಲಿನ ಹಾಗೇ ಇರುತ್ತದೆ, ನಾಲ್ಕು ಬೆರಳು ದೊಡ್ಡದು, ದನಿ ಕೆಳಗಿನದು. ಗುಂಪಿನಲ್ಲಿ ನಡುವಿನ ಸ್ವರಗಳನ್ನು ಹಿಡಿದು ನಿಲ್ಲುವುದು ಅದರ ಕೆಲಸ. ಅದು ಇದ್ದರೆ ಯಾರ ಕಿವಿಗೂ ಬೀಳುವುದಿಲ್ಲ. ಇಲ್ಲದಿದ್ದರೆ ಏನೋ ಸಪ್ಪೆ ಎನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಅಕ್ಕ ತನ್ನ ಜೀವಮಾನವೆಲ್ಲ ನುಡಿಸಿದ್ದು ಇದನ್ನೇ.

ಅಕ್ಕ ಎಂದು ಅವಳನ್ನು ಕರೆಯುತ್ತಿದ್ದದ್ದು ಗುಂಪಿನವರು. ಚಿಕ್ಕಂದಿನಲ್ಲಿ ಅವಳು ಕಲಿಯಲು ಹೋದದ್ದು ಪಿಟೀಲನ್ನು. ಶಾಲೆಯ ವಾದ್ಯವೃಂದದಲ್ಲಿ ವಯೋಲಾಗೆ ಯಾರೂ ಇರಲಿಲ್ಲ. ಮೇಷ್ಟ್ರು ತರಗತಿಯ ಮೇಲೆ ಒಮ್ಮೆ ಕಣ್ಣಾಡಿಸಿ, ‘ನಿನ್ನ ಕೈ ಉದ್ದ ಇದೆ, ನೀನು ತಗೋ’ ಎಂದರು. ಅಷ್ಟರಲ್ಲೇ ಅವಳ ಹಣೆಬರಹ ಮುಗಿಯಿತು. ಉದ್ದ ಕೈಯ ಹುಡುಗಿ ಅತ್ತು ಕರೆದು ಮಾಡಲಿಲ್ಲ. ಯಾರಾದರೂ ಮಾಡಲೇಬೇಕಾದ ಕೆಲಸ ತನ್ನ ಪಾಲಿಗೆ ಬಂದರೆ ಅದನ್ನು ಮಾಡಿ ಮುಗಿಸುವ ಜಾತಿ ಅವಳದು. ಅಂಥವರನ್ನು ಲೋಕ ಹೊಗಳುತ್ತದೆ, ಹೊಗಳಿ ಇನ್ನಷ್ಟು ಕೆಲಸ ಹೇರುತ್ತದೆ.

ಗಂಡ ಸಿಕ್ಕಿದ್ದು ಒಂದು ದೊಡ್ಡ ಹೋಟೆಲಿನ ಊಟದ ಹಾಲಿನಲ್ಲಿ. ಜನ ಚಮಚ ತಟ್ಟೆ ಸದ್ದು ಮಾಡುತ್ತ ಉಣ್ಣುವಾಗ ಮೂಲೆಯಲ್ಲಿ ಕೂತು ನುಡಿಸುವ ಕೆಲಸ ಇಬ್ಬರಿಗೂ ಇತ್ತು. ಅವನದು ಚೆಲ್ಲೊ, ಎರಡು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ವಾದ್ಯ, ದನಿ ಎಲ್ಲಕ್ಕಿಂತ ಕೆಳಗಿನದು. ಉಣ್ಣುವವರಲ್ಲಿ ಒಬ್ಬರೂ ಕೇಳುತ್ತಿರಲಿಲ್ಲ, ಆದರೂ ಅವನು ಒಂದು ಸ್ವರ ಕೂದಲೆಳೆಯಷ್ಟು ಜಾರಿದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದ. ಆ ಗಂಟು ಮುಖಕ್ಕೇ ಅವಳು ಮನಸೋತದ್ದು. ‘ಕೇಳೋರೇ ಇಲ್ಲದಿರುವಾಗ ಸರಿ ನುಡಿಸೋನು ಮನೇಲೂ ಸುಳ್ಳು ಹೇಳಲ್ಲ ಅನ್ಕೊಂಡೆ’ ಎಂದು ಮುಂದೆ ಹೇಳಿ ನಗುತ್ತಿದ್ದಳು. ಸುಳ್ಳು ಅವಳ ಕಡೆಯಿಂದ ಬರುತ್ತದೆ ಎಂದು ಆಗ ಅವಳಿಗೇ ಗೊತ್ತಿರಲಿಲ್ಲ.

ಇಬ್ಬರೂ ಸೇರಿ ನಾಲ್ವರ ಗುಂಪು ಕಟ್ಟಿದರು. ಮೊದಲ ಪಿಟೀಲಿಗೆ ಅವನ ಬಳಿ ಸಣ್ಣವಳಿದ್ದಾಗಿನಿಂದ ಸಂಗೀತದ ಪಾಠ ಹೇಳಿಸಿಕೊಂಡ ಶಿಷ್ಯೆ. ಎರಡನೇ ಪಿಟೀಲಿಗೆ ಬಾಯಿ ಮುಚ್ಚಲು ಬಾರದ ಒಬ್ಬ ಆಸಾಮಿ, ಅವನಿಗೆ ಮಾತಿನಮಲ್ಲ ಎಂದೇ ಹೆಸರು. ಅಕ್ಕನ ಗಂಡನಿಗೆ ಬುಡಣ್ಣ ಎಂದು ಹೆಸರಿಟ್ಟವನೂ ಇವನೇ. ‘ಬುಡದಲ್ಲಿರೋನು ಬುಡಣ್ಣ’ ಎಂದ, ಅದು ಅಂಟಿಕೊಂಡಿತು.

ಅವರ ಕಾರ್ಯಕ್ರಮಕ್ಕೆ ಒಂದು ಪದ್ಧತಿ. ಮೊದಲರ್ಧ ಈಗಿನವರು ಬರೆದ ಹೊಸ ಸಂಗೀತ. ಎರಡನೆಯರ್ಧ, ಇನ್ನೂರು ವರ್ಷದಿಂದ ಎಲ್ಲರೂ ನುಡಿಸಿ ಎಲ್ಲರೂ ಕೇಳಿದ ಶಾಸ್ತ್ರೀಯ ಕೃತಿ. ಜನ ಬರುವುದು ಎರಡನೆಯದಕ್ಕೆ. ಮಕ್ಕಳಿಗೆ ಕಹಿ ಔಷಧಿ ಕುಡಿಸಿ ಬಾಯಿಗೆ ಸಕ್ಕರೆ ಹಾಕಿದ ಹಾಗೆ. ಹೊಸ ಸಂಗೀತದಲ್ಲಿ ಕಮಾನನ್ನು ತಂತಿಯ ಮೇಲೆ ಕಿರುಗುಟ್ಟಿಸುವುದುಂಟು, ಮರಕ್ಕೆ ಬಡಿಯುವುದುಂಟು. ‘ತಪ್ಪು ನುಡಿಸಿದ್ರೆ ಬರೆದೋರಿಗೂ ಗೊತ್ತಾಗಲ್ಲ’ ಎಂದು ಮಾತಿನಮಲ್ಲ ತಮಾಷೆ ಮಾಡಿದರೆ ಬುಡಣ್ಣ ಉರಿದುಬೀಳುತ್ತಿದ್ದ. ‘ನಮಗೆ ಗೊತ್ತಾಗುತ್ತಲ್ಲಪ್ಪ!’

ಇನ್ನೊಂದು ಪದ್ಧತಿಯೂ ಇತ್ತು, ಅದನ್ನು ಮಾಡಿದವನು ಬುಡಣ್ಣ. ಶ್ರುತಿ ಕೂಡಿಸಲು ಈ ಗುಂಪಿನಲ್ಲಿ ಯಂತ್ರವಿಲ್ಲ. ಚೆಲ್ಲೊ ಕೊಟ್ಟದ್ದೇ ಶ್ರುತಿ, ಮಿಕ್ಕವರು ಅದಕ್ಕೆ ಕೂಡಿಕೊಳ್ಳಬೇಕು. ನುಡಿಸುವಾಗಲೂ ಅಷ್ಟೇ. ಬುಡ ಎಲ್ಲಿದೆಯೋ ಅಲ್ಲಿಗೆ ಎಲ್ಲರೂ ಹೋಗಬೇಕು, ವಾದ ಮಾಡಬಾರದು.

ಅವರು ಅಭ್ಯಾಸ ಮಾಡುತ್ತಿದ್ದದ್ದು ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಬಟ್ಟೆ ಒಣಗಿಸುವ ಯಂತ್ರ ಗುಂಯ್ ಎನ್ನುತ್ತಿತ್ತು. ಆ ಗುಂಯ್ ಯಾವ ಸ್ವರಕ್ಕೂ ಸೇರದೆ ಎರಡು ಸ್ವರದ ನಡುವೆ ಬಿದ್ದುಕೊಂಡಿತ್ತು. ಬುಡಣ್ಣ ದಿನಾ ಬಂದವನೇ ಮೊದಲು ಆ ಯಂತ್ರದ ವಂಶ ಜಾಲಾಡುತ್ತಿದ್ದ. ‘ಇದರ ಮನೆ ಹಾಳಾಗ! ಮೇಲಕ್ಕಾದರೂ ಹೋಗು, ಕೆಳಕ್ಕಾದರೂ ಬಾ!’ ಎಂದು ನೆಲಕ್ಕೆ ಕಾಲು ಒದೆಯುತ್ತಿದ್ದ. ಉಳಿದವರಿಗೆ ಅದು ಅಭ್ಯಾಸ ಶುರುವಾದ ಗಂಟೆ ಇದ್ದ ಹಾಗೆ.

ಒಂದು ದಿನ ಅವನು ಬಯ್ಯಲಿಲ್ಲ. ಮಾರನೆಯ ದಿನವೂ ಇಲ್ಲ. ‘ಬುಡಣ್ಣಂಗೆ ವಯಸ್ಸಾಯ್ತು, ಕೋಪ ಇಳೀತು’ ಎಂದು ಮಾತಿನಮಲ್ಲ ನಕ್ಕ. ಅಕ್ಕ ನಗಲಿಲ್ಲ. ಗಂಡ ಯಂತ್ರವನ್ನು ಕ್ಷಮಿಸುವ ಮನುಷ್ಯನಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನನ್ನು ಕಿವಿಯ ಡಾಕ್ಟರಲ್ಲಿಗೆ ಕರೆದೊಯ್ದಳು.

ಡಾಕ್ಟರು ಕಿವಿಯ ನರ ಸಾಯುತ್ತಿದೆ ಎಂದರು. ಎದುರಿಗೆ ಕೂತು ಮಾತಾಡಿದರೆ ಕೇಳುತ್ತಿತ್ತು, ತುಟಿ ನೋಡಿ ಅರ್ಧ ಊಹಿಸುತ್ತಿದ್ದ. ಸ್ವರ ಮಾತ್ರ ಹೋಗಿತ್ತು. ಒಂದು ಕಿವಿಗೆ ಒಂದು ಎತ್ತರ, ಇನ್ನೊಂದಕ್ಕೆ ಇನ್ನೊಂದು. ಕಿವಿಗೆ ಹಾಕಿದ ಸಾಧನದಲ್ಲಿ ಸಂಗೀತ ಡಬ್ಬ ಬಡಿದ ಹಾಗೆ ಕೇಳಿಸಿತು. ಅದನ್ನು ಕಿತ್ತು ಮೇಜಿನ ಡ್ರಾಯರಿಗೆ ಎಸೆದ.

ಯಾರಿಗೂ ಹೇಳಬಾರದೆಂದು ಗಂಡ ಹೆಂಡತಿ ಕೂತು ತೀರ್ಮಾನಿಸಲಿಲ್ಲ. ಹೇಳಲಿಲ್ಲ, ಅಷ್ಟೇ. ಅವಳಿಗೆ ಬೇಕಾದದ್ದು ಒಂದೇ, ಅವನ ಕುರ್ಚಿ ಉಳಿಯಬೇಕು. ಆ ಕುರ್ಚಿಯಿಂದ ಎದ್ದರೆ ಅವನು ಏನು? ಕರೆಂಟ್ ಬಿಲ್ಲು ಕಟ್ಟಿ ಬರುವ, ಹಾಲು ಉಕ್ಕದಂತೆ ನೋಡುವ ಒಬ್ಬ ಮುದುಕ. ಬೇರೆಯವರಿಗೆ ಅದು ಸಾಕಾಗಬಹುದು, ಇವನಿಗೆ ಸಾಲದು ಎಂದು ಅವಳು ನಂಬಿದ್ದಳು.

ಹಾಗಾಗಿ ಅವಳೇ ಅವನ ಕಿವಿಯಾದಳು. ಮನೆ ಬಿಡುವ ಮುನ್ನ ಅವನ ಚೆಲ್ಲೊದ ನಾಲ್ಕೂ ತಂತಿಗಳನ್ನು ಸರಿಮಾಡಿಕೊಡುತ್ತಿದ್ದಳು. ವೇದಿಕೆಯಲ್ಲಿ ಅವನ ಪಕ್ಕದ ಕುರ್ಚಿ ಅವಳದೇ. ಅವನು ಶುರು ಮಾಡಬೇಕಾದಲ್ಲಿ ತನ್ನ ಬೂಟಿನ ತುದಿಯಿಂದ ಅವನ ಬೂಟನ್ನು ಒತ್ತುತ್ತಿದ್ದಳು. ಅವನೂ ಒಂದು ದಾರಿ ಕಂಡುಕೊಂಡ. ದವಡೆಯನ್ನು ಚೆಲ್ಲೊದ ಕುತ್ತಿಗೆಗೆ ಆನಿಸಿ ನುಡಿಸತೊಡಗಿದ. ಎರಡು ವಾದ್ಯಗಳ ಸ್ವರ ಹತ್ತಿರ ಬಂದು ಕೂಡದೆ ಹೋದರೆ ಸದ್ದಿನಲ್ಲಿ ಒಂದು ನಡುಕ ಹುಟ್ಟುತ್ತದೆ. ಕೂಡಿದರೆ ನಡುಕ ನಿಲ್ಲುತ್ತದೆ. ಆ ನಡುಕ ಅವನ ಮೂಳೆಗೆ ತಾಗುತ್ತಿತ್ತು. ಕಣ್ಣು ಮುಚ್ಚಿ, ವಾದ್ಯವನ್ನು ತಬ್ಬಿದ ಹಾಗೆ ತಲೆ ವಾಲಿಸಿದ ಅವನನ್ನು ನೋಡಿ ಜನ ಏನು ತನ್ಮಯತೆ ಎಂದರು. ಫೋಟೋ ತೆಗೆದು ಪೋಸ್ಟರಿಗೆ ಹಾಕಿದರು. ಕಿವುಡುತನವನ್ನೇ ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದಾರೆ ಎಂದು ಒಬ್ಬ ನರಪಿಳ್ಳೆಗೂ ಹೊಳೆಯಲಿಲ್ಲ.

ಗುಂಪಿನಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಬಹುದು. ಹೇಗೆ ಗೊತ್ತಾಗಬೇಕು? ಎಲ್ಲರೂ ಅವನಿಗೇ ಶ್ರುತಿ ಕೂಡಿಸುವವರು. ಅಳತೆಗೋಲನ್ನು ಯಾರು ಅಳೆಯುತ್ತಾರೆ?

ಆ ವರ್ಷ ಒಬ್ಬಾಕೆ ಅವರಿಗೆಂದೇ ಹೊಸ ಕೃತಿ ಬರೆದಳು. ಅದರ ನಡುವೆ ಚೆಲ್ಲೊದವನು ತನ್ನ ತೀರ ಕೆಳಗಿನ ತಂತಿಯ ಬಿರಡೆಯನ್ನು ತಿರುಗಿಸಿ, ತಂತಿಯನ್ನು ಇನ್ನೂ ಸಡಿಲಿಸಿ ನುಡಿಸಬೇಕಿತ್ತು. ಕೃತಿ ಮುಗಿದ ಮೇಲೆ ಎರಡನೆಯರ್ಧದ ಹಳೆಯ ಕೃತಿಗೆ ಮತ್ತೆ ಬಿಗಿಯಬೇಕು. ಕಿವಿ ಇದ್ದವನಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಅಕ್ಕ ಒಂದು ಮಧ್ಯಾಹ್ನ ಚೂಪು ಪೆನ್ಸಿಲಿನಿಂದ ಬಿರಡೆಯ ಮೇಲೆ ಎರಡು ಗೆರೆ ಎಳೆದಳು, ಪಕ್ಕದ ಮರದ ಮೇಲೆ ಒಂದು ಚುಕ್ಕೆ ಇಟ್ಟಳು. ಈ ಗೆರೆ ಚುಕ್ಕೆಗೆ ಬಂದರೆ ಹೊಸದು, ಆ ಗೆರೆ ಬಂದರೆ ಹಳೆಯದು. ಬುಡಣ್ಣ ಕನ್ನಡಕ ಹಾಕಿಕೊಂಡು ನೋಡಿದ. ‘ಗಡಿಯಾರ ಮಾಡಿಬಿಟ್ಟೆಯಲ್ಲೇ’ ಎಂದ. ನಗು ತಂದುಕೊಳ್ಳಲು ನೋಡಿದ, ಬರಲಿಲ್ಲ.

ಗೆರೆಗಳು ಎಷ್ಟೋ ಊರುಗಳಲ್ಲಿ ಮೋಸ ಮಾಡಲಿಲ್ಲ. ಮೋಸವಾದದ್ದು ತಮ್ಮೂರಿನ ದೊಡ್ಡ ಸಭಾಂಗಣದಲ್ಲಿ.

ಆ ದಿನ ಬೆಳಿಗ್ಗೆ ಮನೆಯಲ್ಲಿ ಚೆಲ್ಲೊದ ಆ ಕೆಳಗಿನ ತಂತಿಯ ಸುತ್ತು ಬಿಚ್ಚಿಕೊಂಡಿತು. ಅಕ್ಕ ಹೊಸ ತಂತಿ ಹಾಕಿದಳು, ಹಳೆಯ ಗೆರೆ ಅಳಿಸಿ ಹೊಸ ಗೆರೆ ಎಳೆದಳು. ಹೊಸ ತಂತಿ ಹಿಗ್ಗುತ್ತದೆ. ಕೆಲವು ದಿನ ಅದು ತಾನಾಗಿ ಇಳಿಯುತ್ತಲೇ ಇರುತ್ತದೆ. ಇದು ಕಲಿಯುವ ಮಕ್ಕಳಿಗೂ ಗೊತ್ತು, ಅವಳಿಗೆ ಗೊತ್ತಿಲ್ಲವೇ? ಬಿಡುವಿನಲ್ಲಿ ಗಂಡನನ್ನು ಮೂಲೆಗೆ ಕರೆದು ಇನ್ನೊಮ್ಮೆ ನೋಡಿದರಾಯಿತು ಎಂದುಕೊಂಡಿದ್ದಳು.

ಮೊದಲರ್ಧ ಮುಗಿಯಿತು. ತಂತಿ ಆಗಲೇ ಇಳಿಯುತ್ತಿತ್ತು, ಆದರೆ ಹೊಸ ಸಂಗೀತದ ಕಿರುಗುಟ್ಟುವಿಕೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಬಂದದ್ದು ಬರೆದಾಕೆಯ ಗಮನಕ್ಕೆ ಮಾತ್ರ, ಅದೂ ಮೆಚ್ಚುಗೆಯಾಗಿ. ಬಿಡುವಿನಲ್ಲಿ ಆಕೆ ಒಳಗೆ ನುಗ್ಗಿ ಅಕ್ಕನ ಕೈ ಹಿಡಿದುಕೊಂಡಳು. ‘ಆ ಕೆಳಗಿನ ಸ್ವರ ನಾನು ಬರೆದಿದ್ದಕ್ಕಿಂತ ಒರಟಾಗಿತ್ತು ನೋಡಿ, ಎದೆ ಝಲ್ ಅಂತು! ಹಾಗೇ ಇಟ್ಕೊಳಿ’ ಎಂದಳು. ಅಕ್ಕನಿಗೆ ಎದೆ ಝಲ್ಲೆಂದದ್ದು ಆಗ. ಕೈ ಬಿಡಿಸಿಕೊಳ್ಳಲು ನೋಡಿದಳು, ಆಕೆ ಬಿಡಲಿಲ್ಲ. ಗಂಟೆ ಹೊಡೆಯಿತು. ಬುಡಣ್ಣ ದೂರದಿಂದ ಬಿರಡೆ ತೋರಿಸಿ ತಲೆಯಾಡಿಸಿದ. ಗೆರೆ ಚುಕ್ಕೆಗೆ ಬಂದಿದೆ, ಸರಿಯಾಗಿದೆ ಎಂದು ಅರ್ಥ. ವೇದಿಕೆಗೆ ಹೋಗಿ ಕೂತರು. ಅವನು ಮೇಲಿನ ತಂತಿಯಲ್ಲಿ ಶ್ರುತಿ ಕೊಟ್ಟ, ಎಲ್ಲರೂ ಕೂಡಿಕೊಂಡರು. ಆ ತಂತಿ ಸರಿಯಾಗಿಯೇ ಇತ್ತು.

ಹಳೆಯ ಕೃತಿಯಲ್ಲಿ ಮೊದಲು ಬರುವುದೇ ನಿಧಾನದ ಭಾಗ, ಅದು ಚೆಲ್ಲೊದಿಂದ ಶುರುವಾಗುತ್ತದೆ. ಆ ತೀರ ಕೆಳಗಿನ ತಂತಿಯನ್ನು ಬೆರಳು ಒತ್ತದೆ, ಖಾಲಿಯಾಗಿ, ಉದ್ದಕ್ಕೆ ಎಳೆಯಬೇಕು. ಅದರ ಮೇಲೆ ವಯೋಲಾ ತನ್ನ ಖಾಲಿ ತಂತಿಯಲ್ಲಿ ಅದೇ ಸ್ವರವನ್ನು ಒಂದು ಸ್ಥಾಯಿ ಮೇಲೆ ಹಿಡಿಯುತ್ತದೆ. ಆಮೇಲೆ ಪಿಟೀಲುಗಳು. ಅಕ್ಕ ಬೂಟು ಒತ್ತಿದಳು. ಬುಡಣ್ಣ ತಲೆ ವಾಲಿಸಿ, ಕಣ್ಣು ಮುಚ್ಚಿ, ಕಮಾನು ಎಳೆದ.

ಸ್ವರ ಕೆಳಗಿತ್ತು. ಇದು ಹೊಸ ಸಂಗೀತವಲ್ಲ. ಈ ಸ್ವರ ಎಲ್ಲಿರಬೇಕೆಂದು ಸಭೆಯಲ್ಲಿ ಕೂತ ಅಜ್ಜಿಯರಿಗೂ ಗೊತ್ತು. ಮೊದಲ ಸಾಲಿನಲ್ಲಿ ಒಬ್ಬರು ತಲೆ ಎತ್ತಿದ್ದು ಅಕ್ಕನಿಗೆ ಕಂಡಿತು. ಅವಳ ಸರದಿ ಬಂತು, ಕೈ ತಾನಾಗಿ ಕಮಾನು ಎಳೆಯಿತು. ಎರಡು ಸ್ವರ ಒಂದಕ್ಕೊಂದು ತಾಗಿ ಹಲ್ಲು ಕಡಿದ ಹಾಗೆ ನಡುಗಿದವು. ಪಿಟೀಲಿನವರು ಬೆರಳು ಜಾರಿಸಿ ಕೆಳಕ್ಕೆ ಹೊಂದಿಕೊಳ್ಳಬಹುದು. ಇವಳದು ಖಾಲಿ ತಂತಿ, ಅದರ ಕೆಳಗೆ ಬೆರಳಿಗೆ ಜಾಗವಿಲ್ಲ. ಅವಳು ನಿಂತಲ್ಲೇ ನಿಂತರೆ ಅವನು ತಪ್ಪು ಎಂದು ಸಭೆಗೆಲ್ಲ ಸಾರಿದ ಹಾಗೆ.

ಅಕ್ಕ ಕಮಾನು ಎತ್ತಿದಳು. ಎಡಗೈ ಮೇಲಕ್ಕೆ ಹೋಯಿತು. ತುಂಬಿದ ಸಭೆಯೆದುರು, ತನ್ನ ಸರಿಯಾದ ತಂತಿಯ ಬಿರಡೆ ತಿರುಗಿಸಿ, ಅದನ್ನು ತಪ್ಪಿಗೆ ಇಳಿಸಿದಳು. ಮತ್ತೆ ಕಮಾನು ಇಟ್ಟಳು. ನಡುಕ ನಿಂತಿತು. ಎದುರು ಕೂತ ಶಿಷ್ಯೆಯ ಕಣ್ಣು ಅವಳ ಎಡಗೈ ಮೇಲಿತ್ತು. ಶಿಷ್ಯೆ ಸರಿಯಾದ ಸ್ವರದಲ್ಲಿ ಬರಬಹುದಿತ್ತು. ಬರಲಿಲ್ಲ. ಬುಡ ಇದ್ದಲ್ಲಿಗೆ ಬಂದಳು. ಮಾತಿನಮಲ್ಲನೂ ಬಂದ. ಚೆಲ್ಲೊ ಬೇರೆ ತಂತಿಗೆ ಹೋದಾಗ ಮೇಲೇರಿ, ಆ ತಂತಿಗೆ ಮರಳಿದಾಗ ಇಳಿದು, ಆ ಭಾಗ ಮುಗಿಯುವವರೆಗೆ ಮೂವರೂ ಅವನ ಹಿಂದೆ ಅಲೆದರು. ಸಭೆ ಕೆಮ್ಮಿತು, ಮಿಸುಕಾಡಿತು, ಕೊನೆಯಲ್ಲಿ ಚಪ್ಪಾಳೆಯನ್ನೂ ತಟ್ಟಿತು. ಬುಡಣ್ಣ ಎದ್ದು ನಿಂತು ಎಂದಿನಂತೆ ತಲೆ ಬಾಗಿಸಿದ.

ಒಳಗೆ ಬಂದ ಮೇಲೆ ಶಿಷ್ಯೆ ಅಕ್ಕನನ್ನು ಪಕ್ಕಕ್ಕೆ ಕರೆದಳು.

‘ಯಾವಾಗಿಂದ ಅಕ್ಕಾ?’

‘ಹೊಸ ತಂತಿ ಕಣೇ, ಇಳಿದ್ಬಿಡ್ತು.’

‘ತಂತಿ ಇಳಿದ್ರೆ ಸರ್‌ಗೆ ಮೊದಲು ಗೊತ್ತಾಗ್ಬೇಕಿತ್ತು. ನಾನು ನಿಮ್ಮ ಕೈ ನೋಡಿದೆ ಅಕ್ಕಾ. ನನಗೆ ಸ್ವರ ಅಂದ್ರೇನು ಅಂತ ಹೇಳಿಕೊಟ್ಟೋರು ಅವರು. ನಾನು ಹೇಗೆ ಹೇಳ್ಲಿ? ನೀವೇ ಹೇಳಿ. ಮುಂದಿನ ಅಭ್ಯಾಸದೊಳಗೆ ಹೇಳ್ಬಿಡಿ.’

ಮಾತಿನಮಲ್ಲ ಬಾಗಿಲ ಬಳಿ, ಕಮಾನಿಗೆ ಹಚ್ಚುವ ರಾಳದ ಡಬ್ಬಿ ಹಿಡಿದು ನಿಂತಿದ್ದ. ಅದರ ಮುಚ್ಚಳ ತೆಗೆದ, ಮತ್ತೆ ಹಾಕಿದ.

ಮರುದಿನ ಅಕ್ಕ ಬೆಳಗಿನಿಂದ ಮಾತು ಹುಡುಕಿದಳು. ಅನ್ನ ಸೀದುಹೋಯಿತು. ಬುಡಣ್ಣ ದೂರದೆ ಉಂಡ, ತಟ್ಟೆ ತೊಳೆದಿಟ್ಟ. ಆಮೇಲೆ ಪೆಟ್ಟಿಗೆಯಿಂದ ಅವಳ ವಯೋಲಾ ತೆಗೆದು ತಂದು ಮೇಜಿನ ಮೇಲಿಟ್ಟ. ತನ್ನ ಚೆಲ್ಲೊ ತಂದು ಎದುರು ಕೂತ.

‘ಕೆಳಗಿನ ತಂತಿ ಎಳಿ’ ಎಂದ.

‘ಈಗ್ಯಾಕ್ರೀ?’

‘ಎಳಿ ಅಂದೆ.’

ಅವಳು ಎಳೆದಳು, ರಾತ್ರಿಯೇ ಅದನ್ನು ಸರಿಗೆ ಏರಿಸಿಟ್ಟಿದ್ದಳು. ಅವನು ದವಡೆ ಆನಿಸಿ ತನ್ನದನ್ನೂ ಎಳೆದ. ಹೊಸ ತಂತಿ ಒಂದು ರಾತ್ರಿಯಲ್ಲಿ ಇನ್ನಷ್ಟು ಇಳಿದಿತ್ತು. ಅವನು ಮೂಳೆಗೆ ತಾಗುವ ನಡುಕ ನಿಲ್ಲುವವರೆಗೆ ಬಿರಡೆಯನ್ನು ಒಂಚೂರು ತಿರುಗಿಸಿದ. ನಿಂತಿತು. ಕಮಾನು ಕೆಳಗಿಟ್ಟು ಬಿರಡೆಯ ಗೆರೆ ನೋಡಿದ, ಅದು ಚುಕ್ಕೆ ದಾಟಿ ಹೋಗಿತ್ತು. ಅವಳ ಮುಖ ನೋಡಿದ.

‘ನಿನ್ನೆ ನೀನು ಬಂದಾಗ ನಡುಗ್ತು. ಆಮೇಲೆ ನೀನು ನಿಲ್ಲಿಸ್ದೆ. ಮತ್ತೆ ಬಂದಾಗ ನಡುಕ ಇರಲಿಲ್ಲ. ನಿಂದು ಖಾಲಿ ತಂತಿ. ಬೆರಳಿಗೆ ಅಲ್ಲಿ ಕೆಲಸ ಇಲ್ಲ.’

‘ಹೊಸ ತಂತಿ ರೀ, ಹಿಗ್ಗಿತ್ತು. ಬಿಡುವಿನಲ್ಲಿ ನೋಡೋಕೆ ಆಗ್ಲಿಲ್ಲ. ನಂದೇ ತಪ್ಪು.’

‘ಹಿಗ್ಗಿದ್ದು ನನ್ನ ತಂತಿ. ನಿಂದು ಯಾಕೆ ಇಳೀತು?’

ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಅವನ ಮುಖ ಗಂಟಾಗಿತ್ತು, ಹೋಟೆಲಿನ ಮೂಲೆಯಲ್ಲಿ ಅವಳು ಮೊದಲು ಕಂಡ ಅದೇ ಗಂಟು.

‘ಅವಳೂ ಇಳಿದ್ಲಲ್ಲ?’ ಎಂದು ಶಿಷ್ಯೆಯ ಬಗ್ಗೆ ಕೇಳಿದ. ‘ಒಬ್ಬರಾದ್ರೂ ಮೇಲೆ ನಿಲ್ತೀರಾ ಅಂತ ಕಣ್ಣು ಮುಚ್ಚಿ ಕಾಯ್ತಾ ಇದ್ದೆ. ಒಬ್ಬರೂ ನಿಲ್ಲಲಿಲ್ಲ. ಬುಡ ಹೇಳಿದ್ದೇ ಶ್ರುತಿ ಅಂತ ನಾನೇ ಅಲ್ವಾ ಹೇಳಿಕೊಟ್ಟಿದ್ದು? ಇನ್ನು ನಾನು ಗುಂಪು ಬಿಡ್ತೀನಿ.’

‘ನಿಮ್ಮನ್ನ ಅಷ್ಟು ಜನರ ಮುಂದೆ ಹೇಗೆ ಬಿಟ್ಟುಕೊಡ್ಲಿ?’ ಅವಳು ಅತ್ತುಬಿಟ್ಟಳು. ‘ನಾನೂ ಬಿಡ್ತೀನಿ. ನೀವಿಲ್ದೆ ನಾನು ಅಲ್ಲಿ ಕೂರಲ್ಲ.’

‘ಕೂತ್ಕೋಬೇಕು!’ ಅವನು ಮೇಜು ಗುದ್ದಿದ. ತನ್ನ ದನಿ ಎಷ್ಟು ಜೋರಾಗಿದೆ ಎಂದು ಅವನಿಗೆ ತಿಳಿಯುತ್ತಿರಲಿಲ್ಲ, ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ‘ನನಗೋಸ್ಕರ ಒಂದ್ಸಲ ಇಳಿದಿದ್ದು ಸಾಕು.’

ಆಮೇಲೆ ಅವನು ಎಂಜಲು ಹಚ್ಚಿದ ಬೆರಳಿನಿಂದ ಬಿರಡೆಯ ಮೇಲಿನ ಗೆರೆಗಳನ್ನು ತಿಕ್ಕಿದ. ಅಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಗಟ್ಟಿಯಾಗಿ ಎಳೆದಿದ್ದಳು.

ಮುಂದಿನ ಅಭ್ಯಾಸಕ್ಕೆ ಅಕ್ಕ ಒಬ್ಬಳೇ ಮೆಟ್ಟಿಲು ಹತ್ತಿದಳು. ಶಿಷ್ಯೆ ಅವಳ ಮುಖ ನೋಡಿ, ಬುಡಣ್ಣನ ಕುರ್ಚಿಯನ್ನು ಗೋಡೆಯ ಕಡೆ ಸರಿಸಿದಳು. ಕೆಲವು ವಾರದಲ್ಲಿ ಬೇರೊಂದು ವಾದ್ಯವೃಂದದಿಂದ ಒಬ್ಬ ಚೆಲ್ಲೊದವನು ಬಂದ. ಒಳ್ಳೆಯವನು, ನುಡಿಸುವುದರಲ್ಲಿ ಎತ್ತಿದ ಕೈ. ಬಂದವನೇ ಸ್ಟ್ಯಾಂಡಿಗೆ ಶ್ರುತಿಯ ಯಂತ್ರ ಸಿಕ್ಕಿಸಿದ. ಹಸಿರು ದೀಪ ಹತ್ತುವವರೆಗೆ ನಾಲ್ವರೂ ತಂತಿ ತಿರುವಿದರು. ಕೆಳಗೆ ಒಣಗಿಸುವ ಯಂತ್ರ ಗುಂಯ್ ಎನ್ನುತ್ತಿತ್ತು, ಅದನ್ನು ಬಯ್ಯುವವರು ಯಾರೂ ಇರಲಿಲ್ಲ. ನಿಧಾನದ ಭಾಗ ಬಂದಾಗ ಅಕ್ಕನ ಕಾಲು ತಾನಾಗಿ ಹೋಗಿ ಅವನ ಬೂಟು ಒತ್ತಿತು. ಅವನು ಕಾಲು ಎಳೆದುಕೊಂಡು, ‘ಅಯ್ಯೋ, ಸಾರಿ ಅಮ್ಮಾ’ ಎಂದ. ತಪ್ಪು ತನ್ನದೇ ಎಂದುಕೊಂಡನೇನೋ. ಮಾತಿನಮಲ್ಲ ಕಿಟಕಿಯ ಕಡೆ ತಿರುಗಿದ.

ಮನೆಯಲ್ಲಿ ಬುಡಣ್ಣ ಕರೆಂಟ್ ಬಿಲ್ಲು ಕಟ್ಟಿ ಬರುತ್ತಿದ್ದ, ಹಾಲು ಉಕ್ಕದಂತೆ ನೋಡುತ್ತಿದ್ದ. ಚೆಲ್ಲೊದ ಪೆಟ್ಟಿಗೆ ಮಂಚದ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಒಂದು ಸಂಜೆ ಅಕ್ಕ ನುಡಿಸುತ್ತಿದ್ದಾಗ ಅವನು ಬಂದು, ‘ಇಲ್ಲಿ ಆನಿಸು’ ಎಂದು ಬೀರುವಿನ ತೆರೆದ ಬಾಗಿಲು ತೋರಿಸಿದ. ಅವಳು ವಯೋಲಾದ ತುದಿಯನ್ನು ಅದಕ್ಕೆ ಒತ್ತಿ ನಿಂತು ನುಡಿಸಿದಳು. ಅವನು ಇನ್ನೊಂದು ಕಡೆಯಿಂದ ದವಡೆಯನ್ನು ಬಾಗಿಲಿಗೆ ಕೊಟ್ಟು, ಕಣ್ಣು ಮುಚ್ಚಿ ನಿಂತ.

‘ಹಳೇದರ ನಿಧಾನದ ಭಾಗ ಅಲ್ವಾ?’ ಎಂದ.

ಅವಳು ನುಡಿಸುತ್ತಿದ್ದದ್ದು ಹೊಸದು, ಆ ಕಿರುಗುಟ್ಟುವುದು. ಹೌದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಎಷ್ಟು ಸಣ್ಣ ಮಾತು, ಎಷ್ಟು ಸುಲಭ. ಅವನ ಮುಖ ನೋಡಿದಳು, ಅವನು ಕಣ್ಣು ತೆರೆದು ಅವಳ ತುಟಿಯನ್ನೇ ನೋಡುತ್ತ ಕಾಯುತ್ತಿದ್ದ.

‘ಅಲ್ಲ ರೀ’ ಎಂದಳು.

‘ಇನ್ನೊಂದ್ಸಲ ನುಡಿಸು.’

ನುಡಿಸಿದಳು. ಅವನು ಇನ್ನೊಂದು ಹಳೆಯ ಕೃತಿ ಹೇಳಿದ, ಅವರು ಹೋಟೆಲಿನಲ್ಲಿ ನುಡಿಸುತ್ತಿದ್ದದ್ದು. ಅವಳು ಮತ್ತೆ, ‘ಅಲ್ಲ’ ಎಂದಳು. ದನಿ ನಡುಗಿತು, ಅದು ಅವನಿಗೆ ಕೇಳಿಸಲಿಲ್ಲ.

ಮೂರನೆಯ ಸಲ ಅವನು ಕೇಳಲಿಲ್ಲ. ಬಾಗಿಲಿನಿಂದ ಮುಖ ತೆಗೆದ. ಅವಳ ಕೈಯಿಂದ ವಯೋಲಾ ಇಸಿದುಕೊಂಡು, ತಂತಿಯ ಮೇಲಿನ ರಾಳದ ಪುಡಿ ಬಟ್ಟೆಯಿಂದ ಒರೆಸಿ, ಎಂದಿನ ಹಾಗೆ ಪೆಟ್ಟಿಗೆಯಲ್ಲಿ ಮಲಗಿಸಿ ಚಿಲಕ ಹಾಕಿದ. ಆಮೇಲೆ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತ. ಹಾಲು ಇಟ್ಟಿತ್ತು.